ತಮ್ಮನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದು ಹೇಗೆ? "ನನಗೇನು ಹುಚ್ಚಾ" ಅನ್ನುತ್ತಾನೆ

ಡೊಂಬಿವಲಿ ಅಣ್ಣ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಚಿಕ್ಕಪ್ಪನ ಮಗನಿಗೆ 26 ವರ್ಷ. ಊರು ಕುಂದಾಪುರದ ಹತ್ತಿರ. ಬಿಕಾಂ ಮುಗಿಸಿ ಇಲ್ಲಿಗೆ ಬಂದ. ಈಗ ಅಂಧೇರಿಯಲ್ಲಿ ಒಂದು ಕಂಪನಿಯ ಅಕೌಂಟ್ಸ್‌ನಲ್ಲಿದ್ದಾನೆ. ಇರುವುದು ನಮ್ಮ ಮನೆಯಲ್ಲೇ. ದೀಪಾವಳಿ ಕಳೆದ ಮೇಲೆ ಹುಡುಗ ಬೇರೆಯೇ ಆಗಿಬಿಟ್ಟಿದ್ದಾನೆ. ನಡುರಾತ್ರಿ ನೀರು ಕುಡಿಯಲು ಎದ್ದರೆ ಅಡಿಗೆಮನೆಯಲ್ಲಿ ಲೈಟ್ ಹಾಕದೆ ಕೂತಿರುತ್ತಾನೆ. ನನ್ನ ಹೆಂಡತಿ ಕಟ್ಟಿಕೊಟ್ಟ ಡಬ್ಬಿಯಲ್ಲಿ ಚಪಾತಿ ಹಾಗೇ ವಾಪಸ್ ಬರುತ್ತಿತ್ತು. ಅವಳು ಕೇಳಿದ ಮೇಲೆ ದಾರಿಯಲ್ಲಿ ಯಾರಿಗೋ ಕೊಟ್ಟು, ಡಬ್ಬಿ ತೊಳೆದೇ ತರುತ್ತಾನೆ. ಎದೆ ಹಿಡಿದ ಹಾಗಾಗುತ್ತದೆ ಅಂದ, ಇಸಿಜಿ ಮಾಡಿಸಿದೆವು, ನಾರ್ಮಲ್. ಗ್ಯಾಸ್ ಅಂತ ಈನೋ ಕುಡಿಯುತ್ತಾನೆ. ಚಿಕ್ಕಮ್ಮನ ಫೋನ್ ಬಂದರೆ ಮಾತ್ರ "ಆರಾಮ್, ಆರಾಮ್" ಅಂತ ಜೋರು ದನಿ. ಫೋನ್ ಇಟ್ಟ ಕೂಡಲೇ ಗೋಡೆ ಕಡೆ ತಿರುಗಿ ಮಲಗುತ್ತಾನೆ.

ಮನಸ್ಸಿನ ಡಾಕ್ಟರಿಗೆ ತೋರಿಸೋಣ ಅಂದೆ. "ನನಗೇನು ಹುಚ್ಚಾ? ಠಾಣೆಯ ಹುಚ್ಚಾಸ್ಪತ್ರೆಗೆ ಕಳಿಸಬೇಕು ಅಂತ ಮಾಡಿದ್ದೀಯಾ?" ಅಂತ ಎದ್ದು ಹೋದ. ಚಿಕ್ಕಪ್ಪನಿಗೆ ಹೇಳಿದರೆ, "ಗಂಡು ಮಗ, ಗಟ್ಟಿಯಾಗಬೇಕು. ನೀವು ಮುದ್ದು ಮಾಡಿ ಹಾಳು ಮಾಡುತ್ತಿದ್ದೀರಿ" ಅಂದರು. ಇಂಥ ಹುಡುಗರನ್ನು ಒಪ್ಪಿಸಿದವರು ಯಾರಾದರೂ ಇದ್ದೀರಾ? ಏನು ಹೇಳಿ ಒಪ್ಪಿಸಿದಿರಿ?

ಗಲ್ಲಾಪೆಟ್ಟಿಗೆ

ತಮ್ಮಾ, ಬೇಸರ ಮಾಡಿಕೊಳ್ಳಬೇಡ. ನಿನ್ನ ಚಿಕ್ಕಪ್ಪ ಹೇಳಿದ್ದು ಪೂರ್ತಿ ಸುಳ್ಳಲ್ಲ. ನಾನು ಮೀಸೆ ಬರುವ ಮೊದಲೇ ಬೊಂಬಾಯಿಗೆ ಬಂದವನು. ಹಗಲು ಕಪ್ಪು ಬಸಿ ತೊಳೆದು, ಸಂಜೆ ಫೋರ್ಟ್‌ನಲ್ಲಿ ಕನ್ನಡ ರಾತ್ರಿ ಶಾಲೆಗೆ ಹೋಗಿ, ಹೋಟೆಲ್ ಬಾಗಿಲು ಹಾಕಿದ ಮೇಲೆ ಟೇಬಲ್ ಜೋಡಿಸಿಕೊಂಡು ಮಲಗುತ್ತಿದ್ದೆ. ಅಮ್ಮನ ನೆನಪಾಗಿ ಅಳು ಬಂದರೆ ಅಳಲು ಜಾಗ ಇರಲಿಲ್ಲ, ಅಳು ತಾನೇ ನಿಂತುಹೋಯಿತು. ಡಿಪ್ರೆಶನ್ ಅನ್ನುವ ಮಾತೇ ಗೊತ್ತಿರಲಿಲ್ಲ ನಮಗೆ. ಈಗಿನ ಹುಡುಗರಿಗೆ ಎಸಿ ಆಫೀಸು, ಮನೆಯ ಡಬ್ಬಿ, ಕೈಯಲ್ಲಿ ಮೊಬೈಲು. ಮೊಬೈಲ್ ತೆಗೆದಿಡಿ, ಬೆಳಿಗ್ಗೆ ಐದಕ್ಕೆ ಎಬ್ಬಿಸಿ ಓಡಲು ಕಳಿಸಿ. ಆಮೇಲೆ ಡಾಕ್ಟರ್ ನೋಡೋಣ.

ಹಿಂಜವಡಿ ಹುಬ್ಬಳ್ಳಿಯವ

ಗಲ್ಲಾಪೆಟ್ಟಿಗೆ ಸರ್, ನೀವು ಪಟ್ಟ ಕಷ್ಟವನ್ನು ಯಾರೂ ಸಣ್ಣದು ಅನ್ನುವುದಿಲ್ಲ. ಆದರೆ ಒಂದು ಕೇಳುತ್ತೇನೆ. ನಿಮ್ಮ ಜೊತೆ ಅದೇ ಟೇಬಲ್ ಮೇಲೆ ಮಲಗುತ್ತಿದ್ದ ಹುಡುಗರೆಲ್ಲ ಏನಾದರು? ಗೆದ್ದವನು ಗಲ್ಲಾದಲ್ಲಿ ಕೂತು ಕಥೆ ಹೇಳುತ್ತಾನೆ. ಉಳಿದವರ ಬಗ್ಗೆ "ಅವನಾ, ಊರಿಗೆ ಹೋದ" ಅಂತ ಒಂದೇ ಮಾತು. ನನ್ನ ಸೋದರಮಾವ ಹಾಗೆ ಊರಿಗೆ ಬಂದವರು. ಬಂದವರು ಜಗಲಿ ಬಿಟ್ಟು ಏಳಲಿಲ್ಲ. ಮನೆಯವರು ಸೋಮಾರಿ ಅಂದರು, ಊರಿನವರು ಕುಡುಕ ಅಂದರು. ಡಾಕ್ಟರಿಗೆ ತೋರಿಸಬೇಕು ಅಂತ ಒಬ್ಬರಿಗೂ ಹೊಳೆಯಲಿಲ್ಲ.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕ ನೋಡಿ. ಆ ವರ್ಷ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡವರು 1,70,924 ಜನ. ಅದರಲ್ಲಿ ಗಂಡಸರು 1,22,724. ಹತ್ತರಲ್ಲಿ ಏಳು ಜನ ಗಂಡಸರೇ. ರಾಜ್ಯಗಳಲ್ಲಿ ಎಲ್ಲಕ್ಕಿಂತ ಜಾಸ್ತಿ ನಾವಿರುವ ಮಹಾರಾಷ್ಟ್ರದಲ್ಲಿ, 22,746. ಗಟ್ಟಿಯಾಗಿರು ಅಂತ ಹೇಳಿಸಿಕೊಂಡೇ ಬೆಳೆದವರಲ್ವಾ ಇವರೆಲ್ಲ?

ಇನ್ನು ಠಾಣೆ ವಿಷಯ. ಮುಂಬೈನವರಿಗೆ ಠಾಣೆ, ನಮ್ಮ ಪುಣೆಯಲ್ಲಿ ಯರವಡಾ, ಹುಬ್ಬಳ್ಳಿ ಕಡೆ ಧಾರವಾಡ, ಬೆಂಗಳೂರಿನವರಿಗೆ ನಿಮ್ಹಾನ್ಸ್. ಎಲ್ಲಾ ಊರಿನಲ್ಲೂ ಗೆಳೆಯರು ಗೇಲಿ ಮಾಡಲು ಒಂದೊಂದು ಆಸ್ಪತ್ರೆಯ ಹೆಸರು ಇಟ್ಟುಕೊಂಡಿರುತ್ತಾರೆ. ನಿಮ್ಮ ತಮ್ಮನೂ ಆ ಗೇಲಿಯಲ್ಲಿ ಸಾವಿರ ಸಲ ನಕ್ಕಿರುತ್ತಾನೆ. ಈಗ ತನ್ನ ಸರದಿ ಬಂತು ಅಂತ ಹೆದರಿದ್ದಾನೆ, ಅಷ್ಟೇ.

ಬೈನಾ ಹುಡುಗ

ಗೋವಾದಿಂದ. ನಾವು ಬಾಗಲಕೋಟೆ ಕಡೆಯವರು, ವಾಸ್ಕೋದಲ್ಲಿ ಪೇಂಟಿಂಗ್ ಕೆಲಸ. ಇದು ಆಫೀಸಿನವರ ಕಾಯಿಲೆ ಅಂತ ಯಾರೂ ತಿಳಿಯಬೇಡಿ. ಮೇಲೆ ಹೇಳಿದ ಅದೇ 2022ರ ಲೆಕ್ಕದಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಜಾಸ್ತಿ ದಿನಗೂಲಿಯವರು.

ನಮ್ಮಲ್ಲಿ ಮನಸ್ಸು ಸರಿ ಇಲ್ಲ ಅಂತ ಯಾರೂ ಹೇಳುವುದಿಲ್ಲ. "ಇವತ್ತು ಜರಾ ಕುಡೀತೀನಿ" ಅನ್ನುತ್ತಾರೆ. ಗೋವಾದಲ್ಲಿ ಅದಕ್ಕೆ ಏನು ಕಮ್ಮಿ! ಮೊದಲು ಶನಿವಾರ, ಆಮೇಲೆ ದಿನಾ, ಆಮೇಲೆ ಬೆಳಿಗ್ಗೆ ಕೈ ನಡುಗಿ ಬ್ರಷ್ ಹಿಡಿಯಲು ಆಗುವುದಿಲ್ಲ. ಆಗ ಮೇಸ್ತ್ರಿ ಓಡಿಸುತ್ತಾನೆ.

ನಮ್ಮ ರೂಮಿನ ಒಬ್ಬನನ್ನು ಬಾಂಬೊಳಿಗೆ ಕರೆದುಕೊಂಡು ಹೋಗಿದ್ದೆವು. ಗೋವಾದ ಸರ್ಕಾರಿ ಮಾನಸಿಕ ಆಸ್ಪತ್ರೆ ಅಲ್ಲೇ ಇರುವುದು. ಅವನಿಗೆ "ಕುಡಿತ ಬಿಡಿಸುವ ಡಾಕ್ಟರ್" ಅಂತಲೇ ಹೇಳಿದ್ದು. ಅದಕ್ಕೆ ನಾಚಿಕೆ ಇಲ್ಲ ನೋಡಿ. ಕುಡುಕ ಅನ್ನಿಸಿಕೊಳ್ಳಬಹುದು, ಹೆದರುಪುಕ್ಕಲ ಅನ್ನಿಸಿಕೊಳ್ಳಬಾರದು. ಒಳಗೆ ಹೋದ ಮೇಲೆ ಡಾಕ್ಟರ್ ನಿದ್ದೆ ಕೇಳಿದರು, ಊಟ ಕೇಳಿದರು, ಊರಲ್ಲಿ ಸಾಲ ಎಷ್ಟು ಕೇಳಿದರು. ಸಾಲದ ಮಾತು ಬಂದಾಗ ಅವನ ಬಾಯಿ ಕಟ್ಟಿಹೋಯಿತು, ಕಣ್ಣಲ್ಲಿ ನೀರು. ನಾವು ಅಷ್ಟು ದಿನ ಒಂದೇ ಪಾತ್ರೆಯಲ್ಲಿ ಉಂಡವರು, ನಮಗೇ ಗೊತ್ತಿರಲಿಲ್ಲ.

   

ಮಾಟುಂಗ ಅಕ್ಕ

ಬರೀ ಗಂಡಸರೇ ಮಾತಾಡುತ್ತಿದ್ದೀರಿ, ನಾನೂ ಎರಡು ಮಾತು ಹೇಳುತ್ತೇನೆ.

"ಅಳುವ ಗಂಡಸನ್ನು ನಂಬಬೇಡ" ಅನ್ನುವ ಗಾದೆ ಮನೆಯಲ್ಲಿ ಹೇಳಿಕೊಡುವವರು ಯಾರು? ನಾವೇ. ಅಜ್ಜಿ, ಅಮ್ಮ, ಅತ್ತೆ. ಮಗು ಬಿದ್ದು ಮೊಣಕಾಲು ತರಚಿಕೊಂಡರೆ "ಹುಡುಗಿ ಹಾಗೆ ಅಳುತ್ತೀಯಲ್ಲೋ" ಅನ್ನುತ್ತೇವೆ. ಚಿಕ್ಕಪ್ಪನೊಬ್ಬರನ್ನೇ ಬೈದು ಏನು ಪ್ರಯೋಜನ?

ಮತ್ತೆ ಡೊಂಬಿವಲಿ ಅಣ್ಣ, ಊರಿನಿಂದ ಇನ್ನೊಂದು ಸಲಹೆ ಬಂದೇ ಬರುತ್ತದೆ, ಕಾದು ನೋಡಿ. "ಮದುವೆ ಮಾಡಿ, ಸರಿಹೋಗುತ್ತಾನೆ." ದಯವಿಟ್ಟು ಅದಕ್ಕೆ ತಲೆ ಆಡಿಸಬೇಡಿ. ನಮ್ಮ ನೆಂಟರಲ್ಲಿ ಹಾಗೆ ಮಾಡಿದರು. ರಾತ್ರಿ ನಿದ್ದೆ ಇಲ್ಲದ, ಯಾರ ಜೊತೆಯೂ ಮಾತಾಡದ ಹುಡುಗನ ಕೈಗೆ ಇಪ್ಪತ್ತೆರಡರ ಹುಡುಗಿಯನ್ನು ಕೊಟ್ಟರು. ಅವಳಿಗೆ ಏನೂ ಹೇಳಿರಲಿಲ್ಲ. ಗಂಡ ಮಾತಾಡುವುದಿಲ್ಲ ಅಂದರೆ ತನ್ನದೇ ತಪ್ಪು ಅಂದುಕೊಂಡು ಅವಳೂ ಸೊರಗಿದಳು. ಹೆಂಡತಿಯೇನು ಗುಳಿಗೆಯೇ? ಮೊದಲು ಹುಡುಗ ಸುಧಾರಿಸಲಿ, ಜಾತಕ ಆಮೇಲೆ ತೆಗೆಯಿರಿ.

ಪ್ಲಾಟ್‌ಫಾರ್ಮ್ ಕಡೇ ಬೆಂಚು

ನಾನು ಹೋಗಿ ಬಂದವನು, ಈಗಲೂ ಹೋಗುತ್ತಿರುವವನು. ವಯಸ್ಸು 28. ಊರು ಕಾರ್ಕಳ ಕಡೆ, ಇರುವುದು ಕಲ್ವಾದಲ್ಲಿ ನಾಲ್ಕು ಜನರ ಜೊತೆ ಒಂದು ಖೋಲಿಯಲ್ಲಿ.

ಮೊದಲ ಸಲ ಆದದ್ದು ಲೋಕಲ್ ಗಾಡಿಯಲ್ಲಿ. ದಾದರ್ ಬರುವ ಮೊದಲು ಎದೆ ಡವಗುಟ್ಟಲು ಶುರುವಾಯಿತು, ಬೆರಳೆಲ್ಲ ಜೋಮು, ಉಸಿರು ಮೇಲಕ್ಕೇ ಬರುತ್ತಿಲ್ಲ. ಹಾರ್ಟ್ ಅಟ್ಯಾಕ್, ಮುಗಿಯಿತು ಅಂದುಕೊಂಡೆ. ಇಳಿದು ಕೂತೆ. ಸ್ವಲ್ಪ ಹೊತ್ತಿಗೆ ತಾನೇ ಇಳಿಯಿತು. ನಿಮ್ಮ ತಮ್ಮನ ಹಾಗೇ ನನ್ನ ಇಸಿಜಿಯೂ ನಾರ್ಮಲ್. ನಮ್ಮ ಕಾಲನಿಯ ಫ್ಯಾಮಿಲಿ ಡಾಕ್ಟರ್ ಕನ್ನಡದವರು. ರಿಪೋರ್ಟ್ ಮಡಚಿಟ್ಟು, "ಹಾರ್ಟ್ ಚೆನ್ನಾಗಿದೆ. ನಿನಗೆ ಆದದ್ದು ಪ್ಯಾನಿಕ್ ಅಟ್ಯಾಕ್. ಇದಕ್ಕೆ ಬೇರೆ ಡಾಕ್ಟರ್ ಇದ್ದಾರೆ, ಚೀಟಿ ಬರೆದುಕೊಡುತ್ತೇನೆ" ಅಂದರು. ಬಿಪಿಗೆ ಬರೆದುಕೊಟ್ಟ ಹಾಗೇ ಬರೆದರು. ಅದಕ್ಕೇ ಹೋದೆ. ಅವರು ಕೂರಿಸಿಕೊಂಡು ಮನಸ್ಸು, ಭಾವನೆ ಅಂತ ಶುರು ಮಾಡಿದ್ದರೆ ಖಂಡಿತ ಹೋಗುತ್ತಿರಲಿಲ್ಲ.

ಸೈಕಿಯಾಟ್ರಿಸ್ಟ್ ಬೋರ್ಡ್ ಕೆಳಗೆ ನಿಂತು ಆ ಕಡೆ ಈ ಕಡೆ ನೋಡಿದ್ದು ನಿಜ. ಕನ್ನಡ ಸಂಘದವರು ಯಾರಾದರೂ ನೋಡಿದರೆ ಮರುದಿನ ಊರಿಗೇ ಸುದ್ದಿ. ಒಳಗೆ ಸಿನಿಮಾದಲ್ಲಿ ತೋರಿಸುವ ಹಾಗೆ ಮಂಚ ಗಿಂಚ ಏನೂ ಇರಲಿಲ್ಲ. ಟೇಬಲ್, ಕುರ್ಚಿ, ಹೊರಗೆ ಟೋಕನ್. ನಿದ್ದೆ, ಹಸಿವು, ಕುಡಿತ, ಕೆಲಸ ಕೇಳಿದರು. ಕೊನೆಗೆ "ಬದುಕುವುದೇ ಬೇಡ ಅಂತ ಅನ್ನಿಸಿದೆಯಾ?" ಅಂತ ನೇರವಾಗಿ ಕೇಳಿದರು. ಅಷ್ಟು ದಿನದಲ್ಲಿ ಆ ಪ್ರಶ್ನೆ ಕೇಳಿದವರು ಅವರೊಬ್ಬರೇ. ಗುಳಿಗೆ ಕೊಟ್ಟರು, ಜೊತೆಗೆ ವಾರಕ್ಕೊಮ್ಮೆ ಕೌನ್ಸೆಲರ್ ಹತ್ತಿರ ಫೋನಿನಲ್ಲಿ ಮಾತಾಡು ಅಂದರು.

ಕಷ್ಟ ಶುರುವಾದದ್ದು ಅಲ್ಲಿ. ಫೋನಿನಲ್ಲಿ ಎಲ್ಲಿ ಮಾತಾಡುವುದು? ಖೋಲಿಯಲ್ಲಿ ಯಾವಾಗಲೂ ಒಬ್ಬನಾದರೂ ಮಲಗಿರುತ್ತಾನೆ. ಗ್ಯಾಲರಿಯಲ್ಲಿ ಪಕ್ಕದ ಮನೆಯ ಆಜಿ. ಟೆರೇಸಿಗೆ ಬೀಗ. ಕೊನೆಗೆ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ತುದಿಯ ಬೆಂಚು ಹಿಡಿದೆ. ಅಪ್ಪನ ವಿಷಯ ಹೇಳುತ್ತಾ ಗಂಟಲು ಕಟ್ಟಿದಾಗಲೇ ಫಾಸ್ಟ್ ಗಾಡಿ ಬರುವ ಅನೌನ್ಸ್‌ಮೆಂಟ್. ಕೌನ್ಸೆಲರ್ ಮೇಡಂ "ಗಾಡಿ ಹೋಗಲಿ, ಆಮೇಲೆ ಹೇಳಿ" ಅನ್ನುವರು. ಇಬ್ಬರೂ ಗಾಡಿ ಹೋಗುವ ತನಕ ಸುಮ್ಮನಿರುತ್ತಿದ್ದೆವು. ಗಂಡಸರು ಬಾಯಿ ಬಿಡುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಈ ಮುಂಬೈಯಲ್ಲಿ ಬಾಯಿ ಬಿಡಲು ಒಂದು ಬಾಗಿಲಿರುವ ಜಾಗ ತೋರಿಸಿ ನೋಡೋಣ.

ಇನ್ನೊಂದು ಮಾತು. ಊರಿನಲ್ಲಿ ದರ್ಶನದ ಹೊತ್ತಿಗೆ, ಮೈಮೇಲೆ ದೈವ ಬಂದ ಪಾತ್ರಿಯ ಎದುರು ದೊಡ್ಡ ದೊಡ್ಡ ಗಂಡಸರು ಕೈ ಮುಗಿದು ಗಳಗಳ ಅಳುವುದನ್ನು ನಾನು ನೋಡಿದ್ದೇನೆ. ಟ್ರ್ಯಾಕ್ಟರ್ ಇಟ್ಟುಕೊಂಡವರು, ಪಂಚಾಯಿತಿ ಮೆಂಬರುಗಳು. ಯಾರೂ ನಗುವುದಿಲ್ಲ. ಪಾತ್ರಿ "ಹೆದರಬೇಡ, ನಾನಿದ್ದೇನೆ" ಅಂತಾರೆ, ಅವರು ಕಣ್ಣು ಒರೆಸಿಕೊಂಡು ಪ್ರಸಾದ ತಗೊಂಡು ಮನೆಗೆ ಹೋಗುತ್ತಾರೆ. ಹಾಗಾದರೆ ನಮ್ಮ ಗಂಡಸರಿಗೆ ಅಳಲು ಬರುತ್ತದೆ. ಅಲ್ಲಿ ತಪ್ಪು ಗ್ರಹದ್ದು, ದೈವದ್ದು. ತಾನು ದುರ್ಬಲ ಅಂತ ಒಪ್ಪಿಕೊಳ್ಳಬೇಕಾಗಿಲ್ಲ, ಅಷ್ಟೇ ವ್ಯತ್ಯಾಸ.

ಗಲ್ಲಾಪೆಟ್ಟಿಗೆ

ಕಡೇ ಬೆಂಚಿನ ಹುಡುಗ ಚೆನ್ನಾಗಿ ಬರೆದಿದ್ದಾನೆ. ಆದರೆ ಆ ಗುಳಿಗೆ ಒಮ್ಮೆ ಶುರು ಮಾಡಿದರೆ ಜೀವನಪೂರ್ತಿ ಬಿಡಲು ಆಗುವುದಿಲ್ಲವಂತಲ್ಲ? ಆಸ್ಪತ್ರೆಗೆ ಹೋದರೆ ಕರೆಂಟ್ ಶಾಕ್ ಬೇರೆ. ಇದಕ್ಕೆ ಯಾರು ಉತ್ತರ ಹೇಳುತ್ತಾರೆ?

ವಾರ್ಡ್ ಬಾಗಿಲು

ನಾನು ಹೇಳುತ್ತೇನೆ ಮಾಮ. ಮುಂಬೈಯ ಒಂದು ಸರ್ಕಾರಿ ಆಸ್ಪತ್ರೆಯ ಸೈಕಿಯಾಟ್ರಿ ವಿಭಾಗದಲ್ಲಿ ಸೋಶಿಯಲ್ ವರ್ಕರ್ ನಾನು. ಡಾಕ್ಟರ್ ಅಲ್ಲ. ದಿನಾ ನೋಡುವುದನ್ನು ಹೇಳುತ್ತೇನೆ.

ಡಿಪ್ರೆಶನ್‌ಗೆ, ಗಾಬರಿಗೆ ಸಾಮಾನ್ಯವಾಗಿ ಕೊಡುವ ಗುಳಿಗೆ ಚಟ ಹಿಡಿಸುವಂಥದ್ದಲ್ಲ. ಕೆಲಸ ಮಾಡಲು ಎರಡರಿಂದ ನಾಲ್ಕು ವಾರ ಬೇಕು. ಮೊದಲ ವಾರ ಹೊಟ್ಟೆ ತೊಳಸುತ್ತದೆ, ತಲೆ ಭಾರ ಅನ್ನಿಸುತ್ತದೆ. ನಮ್ಮ ಹುಡುಗರು ಅಲ್ಲೇ ಬಿಟ್ಟುಬಿಡುತ್ತಾರೆ, ಆಮೇಲೆ "ಏನೂ ಉಪಯೋಗ ಇಲ್ಲ" ಅನ್ನುತ್ತಾರೆ. ಗುಣ ಕಂಡ ಮೇಲೂ ಕೆಲವು ತಿಂಗಳು ಮುಂದುವರಿಸಿ, ಡಾಕ್ಟರ್ ಹೇಳಿದ ಹಾಗೆ ಮೆಲ್ಲಗೆ ಕಮ್ಮಿ ಮಾಡಬೇಕು. ಚಟ ಹಿಡಿಯುವುದು ನಿದ್ದೆ ಗುಳಿಗೆ. ಆಲ್‌ಪ್ರಾಜೋಲಾಮ್ ತರಹದ್ದು. ವಿಚಿತ್ರ ನೋಡಿ, ಅದನ್ನು ಮಾತ್ರ ಗೆಳೆಯನ ಸ್ಟ್ರಿಪ್‌ನಿಂದ ಕಿತ್ತು ಹೆದರದೆ ನುಂಗುತ್ತಾರೆ!

ಶಾಕ್ ಎಲ್ಲರಿಗೂ ಕೊಡುವುದಲ್ಲ. ತೀರಾ ಜಾಸ್ತಿಯಾದವರಿಗೆ ಕೊಟ್ಟರೂ ಅನಸ್ತೇಶಿಯಾ ಕೊಟ್ಟೇ ಮಾಡಬೇಕು, ಹಾಗೇ ಮಾಡುವಂತಿಲ್ಲ ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲೇ ಇದೆ. ಸರಪಳಿ ಹಾಕುವುದಕ್ಕೂ ಅದೇ ಕಾಯ್ದೆಯಲ್ಲಿ ನಿಷೇಧ ಇದೆ.

ಡೊಂಬಿವಲಿ ಅಣ್ಣ, ಈಗ ನಿಮ್ಮ ವಿಷಯ. ಗಂಡಸರಲ್ಲಿ ಇದು ಎಷ್ಟೋ ಸಲ ಅಳುವಾಗಿ ಕಾಣುವುದಿಲ್ಲ. ಸಿಟ್ಟಾಗಿ ಬರುತ್ತದೆ, ಕುಡಿತವಾಗಿ ಬರುತ್ತದೆ, ಗ್ಯಾಸ್, ಎದೆನೋವು, ಬೆನ್ನುನೋವಾಗಿ ಬರುತ್ತದೆ. ನಿಮ್ಮ ತಮ್ಮ ಎದೆ ಹಿಡಿಯುತ್ತದೆ ಅಂದನಲ್ಲ, ಅವನು ಆಗಲೇ ಸಹಾಯ ಕೇಳಿದ್ದಾನೆ. ಆ ದಾರಿಯಲ್ಲೇ ಹೋಗಿ. "ನಿದ್ದೆ ಬರುತ್ತಿಲ್ಲವಲ್ಲ, ಅದಕ್ಕೆ ತೋರಿಸೋಣ" ಅನ್ನಿ. ಸುಳ್ಳೇನೂ ಅಲ್ಲ. ಥೈರಾಯ್ಡ್, ಬಿ12 ಎಲ್ಲ ಡಾಕ್ಟರೇ ಪರೀಕ್ಷೆ ಮಾಡಿಸುತ್ತಾರೆ. ಮುಂಬೈಯ ಕೆಇಎಂ, ಸಾಯನ್, ನಾಯರ್ ಮೂರೂ ಆಸ್ಪತ್ರೆಗಳಲ್ಲಿ ಸೈಕಿಯಾಟ್ರಿ ಒಪಿಡಿ (ಹೊರರೋಗಿ ವಿಭಾಗ) ಇದೆ, ಖರ್ಚು ಕಮ್ಮಿ. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಬೇಕು, ಲೈನ್ ಉದ್ದ ಇರುತ್ತದೆ. ನೀವು ಜೊತೆಗೆ ಹೋಗಿ. ಆದರೆ ಒಳಗೆ ಅವನೊಬ್ಬನನ್ನೇ ಬಿಡಿ. ಅಣ್ಣನ ಎದುರು ಯಾವ ಹುಡುಗನೂ ಬಾಯಿ ಬಿಡುವುದಿಲ್ಲ.

ಇದನ್ನು ಮಾತ್ರ ಮುಂದೂಡಬೇಡಿ: ಸಾಯುವ ಯೋಚನೆ ಬರುತ್ತಿದೆಯಾ ಅಂತ ನೀವೇ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಂಟಿಯಾಗಿ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆತನ್ನಿ. ರಾತ್ರಿ ಹೊತ್ತು ಏನೂ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ-ಮಾನಸ್, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಇಪ್ಪತ್ನಾಲ್ಕು ಗಂಟೆ, ದುಡ್ಡಿಲ್ಲ. ಫೋನ್ ತೆಗೆದವರ ಹತ್ತಿರ ಯಾವ ಭಾಷೆ ಬೇಕು ಅಂತ ಹೇಳಿ.

ಚಿಕ್ಕಮ್ಮ ಜೋಯಿಸರ ಹತ್ತಿರ ಪ್ರಶ್ನೆ ಕೇಳಿಸಲಿ, ಹರಕೆ ಹೊರಲಿ, ಬೇಡ ಅನ್ನಬೇಡಿ. ಗುಳಿಗೆ ನಿಲ್ಲಿಸದಿದ್ದರೆ ಸಾಕು.

ಹಿಂಜವಡಿ ಹುಬ್ಬಳ್ಳಿಯವ

ಮೇಡಂ ಹೇಳಿದ್ದಕ್ಕೆ ಒಂದೆರಡು ಸೇರಿಸುತ್ತೇನೆ. ಆಫೀಸಿನ ಹುಡುಗರಿಗೆ ಎಚ್‌ಆರ್‌ಗೆ ಗೊತ್ತಾದರೆ ಪ್ರಮೋಶನ್ ಹೋಯಿತು ಅನ್ನುವ ಹೆದರಿಕೆ. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಅನ್ನುವುದು ಅದೇ ಕಾಯ್ದೆ ಕೊಟ್ಟ ಹಕ್ಕು. ಡಾಕ್ಟರ್ ನಿಮ್ಮ ಆಫೀಸಿಗೆ ಫೋನ್ ಮಾಡಿ ಹೇಳುವುದಿಲ್ಲ. ರಜೆ ಚೀಟಿಯಲ್ಲಿ ಎಲ್ಲಾ ಬಿಡಿಸಿ ಬರೆಯಬೇಕಾಗಿಲ್ಲ, ಡಾಕ್ಟರ ಹತ್ತಿರ ಕೇಳಿಕೊಂಡರೆ ಆಯಿತು. ಇನ್ಶೂರೆನ್ಸ್‌ನವರು ಮೈ ಕಾಯಿಲೆಗೆ ಕೊಡುವ ಹಾಗೇ ಮನಸ್ಸಿನ ಕಾಯಿಲೆಗೂ ಕೊಡಬೇಕು ಅಂತಲೂ ಇದೆ. ಆದರೆ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. ಆಸ್ಪತ್ರೆಗೆ ಸೇರಿದರೆ ಸಿಗುತ್ತದೆ, ವಾರವಾರದ ಕೌನ್ಸೆಲಿಂಗ್ ಬಿಲ್ಲು ಹೆಚ್ಚಿನ ಪಾಲಿಸಿಗಳಲ್ಲಿ ನಮ್ಮ ಜೇಬಿನದೇ. ಪುಣೆಯಲ್ಲಿ ನಾನು ಒಂದು ಸಲಕ್ಕೆ ಸಾವಿರದ ಮೇಲೆ ಕೊಟ್ಟಿದ್ದೇನೆ. ಮೊದಲು ಸರ್ಕಾರಿ ಒಪಿಡಿ ನೋಡಿ ಅನ್ನುವುದು ಅದಕ್ಕೇ.

ಬೈನಾ ಹುಡುಗ ಹೇಳಿದ ಕುಡಿತದ ವಿಷಯಕ್ಕೆ ಗೋವಾದಲ್ಲೇ ಒಂದು ಒಳ್ಳೆ ಕೆಲಸ ಆಗಿದೆ. ಸಂಗಾತ್ ಅನ್ನುವ ಸಂಸ್ಥೆಯವರು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ಡಾಕ್ಟರ್ ಅಲ್ಲದ ಸಾಮಾನ್ಯ ಜನರಿಗೇ ತರಬೇತಿ ಕೊಟ್ಟು, ಜಾಸ್ತಿ ಕುಡಿಯುವ ಗಂಡಸರ ಜೊತೆ ಮಾತಾಡಿಸಿದರು. ಒಬ್ಬೊಬ್ಬರಿಗೆ ಹೆಚ್ಚೆಂದರೆ ನಾಲ್ಕು ಭೇಟಿ. ಮೂರು ತಿಂಗಳಾದ ಮೇಲೆ ನೋಡಿದರೆ ಮಾತಾಡಿಸಿದವರಲ್ಲಿ 36% ಜನ ಅಪಾಯದ ಕುಡಿತದಿಂದ ಹೊರಬಂದಿದ್ದರು, ಮಾತಾಡಿಸದವರಲ್ಲಿ 26%. ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನ. ಪವಾಡ ಅಲ್ಲ, ಆದರೆ ನಾಲ್ಕು ಸಲ ಕೂತು ಮಾತಾಡಿದ್ದಕ್ಕೆ ಇಷ್ಟು ಸಿಕ್ಕಿದೆ. ನಮ್ಮ ಸಂಘಗಳು ಪ್ರತಿ ವರ್ಷ ರಕ್ತದಾನ ಶಿಬಿರ, ಕಣ್ಣಿನ ಶಿಬಿರ ಮಾಡುತ್ತಾವಲ್ಲ, ಅದರ ಜೊತೆ ಬಾಗಿಲು ಹಾಕಿಕೊಳ್ಳಲು ಬರುವ ಒಂದು ಕೋಣೆ, ಒಂದು ಕನ್ನಡ ಬಲ್ಲ ಕೌನ್ಸೆಲರ್ ಇಟ್ಟರೆ ಏನು ಹೋಗುತ್ತದೆ? ಸನ್ಮಾನದ ಶಾಲಿನ ಖರ್ಚಿನಲ್ಲೇ ಆಗುತ್ತದೆ.

ನಿರ್ವಾಹಕರು

ಸಂಘಗಳ ಹೆಸರು ಹಿಡಿದು ಬೈದ ಎರಡು ಉತ್ತರಗಳನ್ನು ತೆಗೆದಿದ್ದೇವೆ. ವಿಷಯ ಬಿಟ್ಟು ಹೋಗಬೇಡಿ.

ಡೊಂಬಿವಲಿ ಅಣ್ಣ

ಎಲ್ಲರಿಗೂ ಥ್ಯಾಂಕ್ಸ್. ವಾರ್ಡ್ ಬಾಗಿಲು ಮೇಡಂ ಹೇಳಿದ ಪ್ರಶ್ನೆ ನಿನ್ನೆ ರಾತ್ರಿ ಕೇಳಿದೆ. ಮನೆಯಲ್ಲಿ ಅಲ್ಲ, ಕಸ ಹಾಕಿ ಬರೋಣ ಬಾ ಅಂತ ಕೆಳಗೆ ಕರೆದುಕೊಂಡು ಹೋಗಿ. ಸಾಯುವ ಯೋಚನೆ ಇಲ್ಲ ಅಂದ. ಆಮೇಲೆ ಪಾರ್ಕಿಂಗ್‌ನಲ್ಲಿ ಸ್ಕೂಟರ್ ಮೇಲೆ ಕೂತು ತುಂಬಾ ಹೊತ್ತು ಮಾತಾಡಿದ. ಆಫೀಸಿನಲ್ಲಿ ಪ್ರೊಬೇಶನ್ ಮುಂದಕ್ಕೆ ಹಾಕಿದ್ದಾರಂತೆ. ಊರಲ್ಲಿ ತಂಗಿ ಮದುವೆಗೆ ಇಷ್ಟು ಕಳಿಸುತ್ತೇನೆ ಅಂತ ಚಿಕ್ಕಪ್ಪನಿಗೆ ಮಾತು ಕೊಟ್ಟಿದ್ದಾನಂತೆ. ಎರಡೂ ನಮಗೆ ಗೊತ್ತಿರಲಿಲ್ಲ. ನಿದ್ದೆಗೆ ತೋರಿಸಲು ಬರುತ್ತೇನೆ ಅಂದಿದ್ದಾನೆ, "ಅಪ್ಪನಿಗೆ ಹೇಳಬಾರದು" ಅನ್ನುವ ಷರತ್ತಿನ ಮೇಲೆ. ಚಿಕ್ಕಪ್ಪನಿಗೆ ಹೇಳದೆ ಇರುವುದು ಸರಿಯಾ?

ಮಾಟುಂಗ ಅಕ್ಕ

26 ವರ್ಷದ ಹುಡುಗ. ಯಾರಿಗೆ ಹೇಳಬೇಕು ಅಂತ ಅವನೇ ಹೇಳಲಿ. ಮದುವೆ ದುಡ್ಡಿನ ಮಾತು ಮಾತ್ರ ನೀವು ದೊಡ್ಡವರಾಗಿ ಚಿಕ್ಕಪ್ಪನ ಹತ್ತಿರ ತೆಗೆಯಬಹುದು. "ಈ ವರ್ಷ ಅವನ ಕೈಲಿ ಅಷ್ಟು ಆಗುವುದಿಲ್ಲ" ಅನ್ನಿ ಸಾಕು. ಆ ಭಾರ ಅರ್ಧ ಇಳಿದರೆ ಗುಳಿಗೆಗೂ ಕೆಲಸ ಮಾಡಲು ಜಾಗ ಸಿಗುತ್ತದೆ.

ಪ್ಲಾಟ್‌ಫಾರ್ಮ್ ಕಡೇ ಬೆಂಚು

ಅಣ್ಣ, ಅವನಿಗೆ ಬೇಕಾದರೆ ನನ್ನ ಜೊತೆ ಮಾತಾಡಲಿ, ಇಲ್ಲೇ ಮೆಸೇಜ್ ಹಾಕಲು ಹೇಳಿ. ಉಪದೇಶ ಮಾಡುವುದಿಲ್ಲ. ಕ್ರಿಕೆಟ್ ಮಾತಾಡಿದರೂ ಆಯಿತು.

ಗಲ್ಲಾಪೆಟ್ಟಿಗೆ

ಎಲ್ಲಾ ಓದಿದೆ. ಓಡಲು ಕಳಿಸಿ ಅಂದದ್ದನ್ನು ನಾನು ಈಗಲೂ ಹೇಳುತ್ತೇನೆ, ಓಡಿದರೆ ನಷ್ಟ ಇಲ್ಲ. ಇರಲಿ. ವಾರ್ಡ್ ಬಾಗಿಲು ತಂಗಿಗೆ ಒಂದು ಪ್ರಶ್ನೆ. ನನ್ನ ಹೋಟೆಲಿನಲ್ಲಿ ಒಬ್ಬ ಕುಕ್ ಇದ್ದಾನೆ. ಮೂವತ್ತರ ಒಳಗೆ. ಕೈರುಚಿ ಒಳ್ಳೆಯದು, ಆದರೆ ಬೆಳಿಗ್ಗೆಯೇ ಕುಡಿದು ಬರುತ್ತಾನೆ, ಹುಡುಗರ ಮೇಲೆ ಕೈ ಮಾಡುತ್ತಾನೆ. ಮೊನ್ನೆ ಹಬೆಯ ಮುಂದೆ ನಿಂತವನು ಸುಮ್ಮನೆ ನಿಂತೇ ಇದ್ದ, ಇಡ್ಲಿ ಇಳಿಸಲೇ ಇಲ್ಲ. ಓಡಿಸಿದರೆ ಎಲ್ಲಿಗೆ ಹೋಗುತ್ತಾನೆ? ನಾಳೆಯಿಂದ ಒಂದು ಹನಿ ಮುಟ್ಟಬಾರದು ಅಂತ ರೂಮಿನಲ್ಲಿ ಕೂರಿಸಿದರೆ ಸರಿಹೋಗುತ್ತಾನಾ?

ವಾರ್ಡ್ ಬಾಗಿಲು

ಹಾಗೆ ಮಾತ್ರ ಮಾಡಬೇಡಿ ಮಾಮ. ದಿನಾ ಬೆಳಿಗ್ಗೆಯಿಂದ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಮೈ ನಡುಕ, ಫಿಟ್ಸ್, ಇಲ್ಲದ್ದೆಲ್ಲ ಕಣ್ಣಿಗೆ ಕಾಣುವುದು ಎಲ್ಲಾ ಆಗಬಹುದು, ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಗುಳಿಗೆ ಕೊಟ್ಟು ನಿಲ್ಲಿಸುತ್ತಾರೆ. ಕೆಲವರನ್ನು ಸೇರಿಸಿಕೊಳ್ಳಬೇಕಾಗುತ್ತದೆ. ರಜೆ ಕೊಡಿ, ಕೆಲಸ ಹೋಗುವುದಿಲ್ಲ ಅಂತ ನೀವೇ ಬಾಯಿಬಿಟ್ಟು ಹೇಳಿ. ಆ ಹೆದರಿಕೆಗೇ ಅವರು ಬರುವುದಿಲ್ಲ. ಜೊತೆಗೆ ರೂಮಿನ ಒಬ್ಬ ಹುಡುಗನನ್ನು ಕಳಿಸಿ, ಆಧಾರ್ ಕಾರ್ಡ್ ಇದ್ದರೆ ಇಟ್ಟುಕೊಳ್ಳಲಿ. ಹೋಟೆಲ್ ಯಾವ ಏರಿಯಾದಲ್ಲಿ ಅಂತ ಮೆಸೇಜ್ ಮಾಡಿ, ಹತ್ತಿರದ ಒಪಿಡಿ ಯಾವ ದಿನ ಅಂತ ವಿಚಾರಿಸಿ ಹೇಳುತ್ತೇನೆ.